ಸದ್ದು ಮಾಡದ ಪೆಟ್ಟಿಗೆಯ ಬಗ್ಗೆ ವಾರಂಟಿ ವಿಭಾಗಕ್ಕೊಂದು ಬಿನ್ನಹ

ಕಂಪ್ಯೂಟರ್ ಪವರ್ ಸಪ್ಲೈ ಕಂಪನಿಯ ವಾರಂಟಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ವಿಭಾಗದ ಸಮಸ್ತರೂ, ಫೋನು ಮಾಡಿದವರಿಗೆಲ್ಲ ಬೇಸರವಿಲ್ಲದೆ ಅದೇ ಸಂಗೀತ ಕೇಳಿಸುವ ತಮ್ಮ ಯಂತ್ರವೂ ಕ್ಷೇಮವೆಂದು ನಂಬಿದ್ದೇನೆ. ನಾನು ಬೀಗ ರಿಪೇರಿ ಮಾಡಿ ಬದುಕುವವನು. ಹೆಚ್ಚು ಓದಿದವನಲ್ಲ. ದಿನಚರಿ ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿಲ್ಲದ ಕಾರಣ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಮಾತ್ರ ಬರೆದಾಗಲೆಲ್ಲ 'ನಿಮ್ಮ ದೂರು ನಮಗೆ ಬಹಳ ಮುಖ್ಯ' ಎಂಬ ಉತ್ತರ, ಯಾರೂ ದೂರನ್ನು ಓದಿರಲು ಸಾಧ್ಯವೇ ಇಲ್ಲದಷ್ಟು ಬೇಗ ಬರುತ್ತಿದ್ದುದರಿಂದ, ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಮನೆಯ ಸಂಗತಿ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ನಡುಕೋಣೆಯಲ್ಲಿ ಕಿಟಕಿಯ ಕಡೆ ನನ್ನ ಮೇಜು, ಗೋಡೆಯ ಕಡೆ ನನ್ನ ಹೆಂಡತಿಯ ಕಂಪ್ಯೂಟರು. ಅವಳು ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತಿದ್ದಳು. ಅಂಗಡಿಯವರ ಕರಪತ್ರ, ವಿಸಿಟಿಂಗ್ ಕಾರ್ಡು, ಕಳೆದುಹೋದ ನಾಯಿಗಳ ಪ್ರಕಟಣೆ. ಆ ಕಂಪ್ಯೂಟರಿನ ಹೊಟ್ಟೆಯೊಳಗೆ, ಎಲ್ಲ ಭಾಗಗಳಿಗೂ ಕರೆಂಟು ಹಂಚುವ, ಬೆನ್ನಿಗೊಂದು ಫ್ಯಾನು ಕಟ್ಟಿಕೊಂಡ, ಇಟ್ಟಿಗೆಯಂಥ ಕಬ್ಬಿಣದ ಪೆಟ್ಟಿಗೆಯೊಂದು ಇತ್ತಲ್ಲ, ಅದೇ ತಮ್ಮ ಉತ್ಪನ್ನ. ಅದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಸದ್ದು ಇದೆ ಎಂದರೆ ಅವಳು ಕೆಲಸದಲ್ಲಿದ್ದಾಳೆ, ನಿಂತಿತೆಂದರೆ ಊಟಕ್ಕೆ ಏಳುತ್ತಾಳೆ ಎಂದು ನಾನು ತಲೆಯೆತ್ತದೆಯೇ ತಿಳಿದುಕೊಳ್ಳುತ್ತಿದ್ದೆ. ಹೋದ ವರ್ಷ ಅವಳು ತೀರಿಕೊಂಡಳು. ಅಂದಿನಿಂದ ದಿನಾ ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿ, ಮುಂದೇನು ಮಾಡಬೇಕೆಂದು ನನಗೆ ಗೊತ್ತಿಲ್ಲದ ಕಾರಣ ಅಲ್ಲಿಗೇ ಬಿಟ್ಟು, ಆ ಸದ್ದು ಕೇಳುತ್ತ ಬೀಗ ಬಿಚ್ಚಲು ಕೂರುತ್ತಿದ್ದೆ. ನನಗೆ ತಮ್ಮ ಪೆಟ್ಟಿಗೆಯಿಂದ ಬೇಕಾಗಿದ್ದು ಇಷ್ಟೇ. ಒಂದು ಬೆಳಿಗ್ಗೆ ಅದು ಸ್ವಲ್ಪ ಹೊತ್ತು ಕೂಗಿ, ಬಿಕ್ಕಿ, ನಿಂತುಹೋಯಿತು.

ಊರಿನ ಅರ್ಧ ಬಾಗಿಲುಗಳನ್ನು ಒಂದು ತಂತಿಯಿಂದ ತೆರೆದಿರುವ ನನಗೆ ತಮ್ಮ ಪೆಟ್ಟಿಗೆಯ ನಾಲ್ಕು ತಿರುಪು ಯಾವ ಲೆಕ್ಕ? ಆದರೆ ಒಂದು ತಿರುಪಿನ ಮೇಲೆ 'ಇದು ಹರಿದರೆ ವಾರಂಟಿ ರದ್ದು' ಎಂಬ ಹೆಬ್ಬೆರಳ ಗಾತ್ರದ ಕಾಗದ ಅಂಟಿಸಿದ್ದೀರಿ. ನನ್ನ ಕಸುಬಿನಲ್ಲಿ ನಾನು ಕಂಡ ಅತ್ಯುತ್ತಮ ಬೀಗ ಅದೇ ಎಂದು ತಲೆಬಾಗಿ ಒಪ್ಪುತ್ತೇನೆ. ಉಕ್ಕು ಕರಗಿಸಿ ಬೀಗ ಮಾಡುವ ಕಂಪನಿಗಳು ತಮ್ಮಲ್ಲಿಗೆ ಬಂದು ಗೋಂದಿನ ಪಾಠ ಹೇಳಿಸಿಕೊಳ್ಳಬೇಕು.

ಹಾಗಾಗಿ ಫೋನು ಮಾಡಿದೆ. ತಮ್ಮ ಹುಡುಗಿ ಬಹಳ ಮರ್ಯಾದೆಯಿಂದ, "ಬಿಲ್ ಮೇಡಂ ಹೆಸರಲ್ಲಿದೆ ಸಾರ್, ಅವರನ್ನೇ ಕರೀರಿ" ಎಂದಳು. "ಅವಳಿಲ್ಲಮ್ಮ" ಎಂದೆ. "ಹೊರಗಡೆ ಹೋಗಿದಾರಾ? ಯಾವಾಗ ಬರ್ತಾರೆ?" ಎಂದಳು. "ಹೇಳೋಕಾಗಲ್ಲ" ಎಂದುಬಿಟ್ಟೆ. ತಮ್ಮ ಸಿಬ್ಬಂದಿಯ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು, ಅಂದಿನಿಂದ ಪ್ರತಿ ಸಂಜೆ ಫೋನು ಮಾಡಿ, "ಮೇಡಂ ಬಂದ್ರಾ ಸಾರ್?" ಎಂದು ವಿಚಾರಿಸತೊಡಗಿದರು. ನಮ್ಮ ಬಂಧುಬಳಗದಲ್ಲಿ ಯಾರೂ ಅವಳನ್ನು ಇಷ್ಟೊಂದು ಅಕ್ಕರೆಯಿಂದ ವಿಚಾರಿಸಿದ್ದಿಲ್ಲ. ನಿಜ ಹೇಳಬೇಕೆಂದರೆ ಆ ಫೋನಿಗೆ ನಾನು ಕಾಯುವಂತಾಗಿದ್ದೆ. ಕೊನೆಗೆ ಒಂದು ಸಂಜೆ, ಅವಳ ತಂಗಿ, ಎಂದರೆ ನನ್ನ ನಾದಿನಿ, ನನ್ನ ಕೈಯಿಂದ ಫೋನು ಕಿತ್ತುಕೊಂಡು, "ನಮ್ಮಕ್ಕ ಸತ್ತು ವರ್ಷ ಆಯ್ತು ಕಣಮ್ಮ! ಬಾ ಅಂದ್ರೆ ಬರ್ತಾಳಾ? ಭಾವನೋರಿಗೆ ಬಾಯಿಲ್ಲ ಅಂತ ದಿನಾ ಆಟ ಆಡಿಸ್ತೀರಾ?" ಎಂದು ಗದರಿದಳು. ತಮ್ಮ ಹುಡುಗಿ ತಕ್ಷಣ ಸಂತಾಪ ಸೂಚಿಸಿದಳು. ಸಂತಾಪ ಹೇಗಿತ್ತೆಂದು ಒಂದರಿಂದ ಐದರೊಳಗೆ ಅಂಕ ಕೊಡುವಂತೆ ಮರುಕ್ಷಣವೇ ಸಂದೇಶ ಬಂತು. ನಾಲ್ಕು ಕೊಟ್ಟೆ. ಇನ್ನೂ ಸುಧಾರಿಸಿಕೊಳ್ಳಲಿ ಎಂದು ಒಂದು ಉಳಿಸಿಕೊಂಡೆ.

ಆಮೇಲೆ ಪೆಟ್ಟಿಗೆಯನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ತಮ್ಮ ಸರ್ವೀಸ್ ಸೆಂಟರಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಮಹಾಶಯರು ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ ಪೆಟ್ಟಿಗೆಯ ವೈರಿನ ತುದಿಗೆ ಚುಚ್ಚಿದರು. ಮನೆಯಲ್ಲಿ ಉಸಿರೇ ಎತ್ತದಿದ್ದ ಫ್ಯಾನು ಅಲ್ಲಿ ಗಿರಗಿರನೆ ತಿರುಗಿತು. "ಫ್ಯಾನ್ ತಿರುಗ್ತಿದೆ, ಮಾಲು ಚೆನ್ನಾಗಿದೆ" ಎಂದು ವಾಪಸ್ಸು ಕೊಟ್ಟರು. ಮನೆಗೆ ತಂದು ಕಂಪ್ಯೂಟರಿಗೆ ಜೋಡಿಸಿದರೆ ಮತ್ತೆ ಬಿಕ್ಕಿ ನಿಂತಿತು. ಮತ್ತೆ ಒಯ್ದೆ, ಮತ್ತೆ ಕ್ಲಿಪ್ಪು, ಮತ್ತೆ ಗಿರಗಿರ. ಮನೆಯಲ್ಲಿ ನರಳಿ ಡಾಕ್ಟರ ಎದುರು ಕುಣಿಯುವ ಮಗುವಿನ ಜೊತೆ ತಲೆತಗ್ಗಿಸಿ ನಿಂತ ತಾಯಿಯ ಪಾಡಾಯಿತು ನನ್ನದು. "ಸ್ವಾಮಿ, ಕಂಪ್ಯೂಟರಿಗೆ ಜೋಡಿಸಿ ಹೊರೆ ಹೊರಿಸಿ ನೋಡಿ, ಬರಿಗೈಲಿ ಯಾರು ಬೇಕಾದ್ರೂ ಓಡಾಡ್ತಾರೆ" ಎಂದೆ. "ಹೊರೆ ಹೊರಿಸೋದು ನಮ್ಮ ಟೆಸ್ಟಲ್ಲಿಲ್ಲ" ಎಂದರು. ಈ ಕ್ಲಿಪ್ಪಿನ ಪದ್ಧತಿಯನ್ನು ಆಸ್ಪತ್ರೆಗಳಿಗೂ ವಿಸ್ತರಿಸಬೇಕೆಂದು ತಮ್ಮಲ್ಲಿ ವಿನಂತಿ; ಆಗ ಲೋಕದಲ್ಲಿ ಕಾಯಿಲೆಯವರೇ ಇರುವುದಿಲ್ಲ.

ಕಡೆಗೆ ನಾದಿನಿಯೇ ಸೊಂಟ ಕಟ್ಟಿ ಇಡೀ ಕಂಪ್ಯೂಟರನ್ನು ಎತ್ತಿಕೊಂಡು ಬಂದು ತಮ್ಮ ಕೌಂಟರಿನ ಮೇಲೆ ಕುಕ್ಕಿ, "ಈಗ ಹಾಕಪ್ಪ ನಿನ್ನ ಕ್ಲಿಪ್ಪು" ಎಂದಳು. ಗುಂಡಿ ಒತ್ತಿದರು. ಟಪ್ ಎಂದಿತು. ಸುಟ್ಟ ರಬ್ಬರಿನ ವಾಸನೆ ಹಬ್ಬಿತು, ಸಾಲಿನಲ್ಲಿದ್ದವರು ಹಿಂದೆ ಸರಿದರು. ಮೆಕ್ಯಾನಿಕ್ ಮಹಾಶಯರ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಮರೆಯಲಾರೆ. "ಈಗ ನೋಡಿ ಸಾರ್, ಹೋಗಿದೆ!" ಎಂದು ನನ್ನ ಕೈ ಕುಲುಕಿದರು.

ಹೀಗೆ ನನಗೆ ಹೊಸ ಪೆಟ್ಟಿಗೆ ದೊರೆಯಿತು. ಹಳೆಯ ಮಾದರಿ ಈಗ ತಯಾರಾಗುವುದಿಲ್ಲವಂತೆ, ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಅದಕ್ಕಿಂತ ಮೇಲಿನದನ್ನೇ ದಯಪಾಲಿಸಿದ್ದೀರಿ. ಮನೆಗೆ ಬಂದು ಜೋಡಿಸಿ, ಗುಂಡಿ ಒತ್ತಿ, ನನ್ನ ಮೇಜಿನ ಮುಂದೆ ಕೂತೆ. ಏನೂ ಕೇಳಿಸಲಿಲ್ಲ. ಇದೂ ಸತ್ತಿದೆ ಎಂದುಕೊಂಡು ಎದ್ದು ನೋಡಿದರೆ ಪರದೆಯೇನೋ ಬೆಳಗಿದೆ. ಕಿವಿಯನ್ನು ಪೆಟ್ಟಿಗೆಗೆ ಒತ್ತಿ ಹಿಡಿದೆ. ನನ್ನ ಕಿವಿಯ ಸದ್ದೇ ನನಗೆ ಕೇಳಿಸಿತು.

ಮಾರನೇ ದಿನ ಮತ್ತೆ ಕೌಂಟರಿಗೆ ಹೋಗಿ, "ಇದು ಸದ್ದು ಮಾಡ್ತಿಲ್ಲ" ಎಂದು ದೂರು ಕೊಟ್ಟೆ. ಮೆಕ್ಯಾನಿಕ್ ಮಹಾಶಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸದ್ದು ಮಾಡದೇ ಇರೋದೇ ಇದರ ಹೆಚ್ಚುಗಾರಿಕೆ ಸಾರ್. ಕೆಲಸ ಜಾಸ್ತಿ ಕೊಟ್ರೆ ಮಾತ್ರ ಫ್ಯಾನ್ ತಿರುಗತ್ತೆ" ಎಂದರು. ಸರಿ, ಕೆಲಸ ಕೊಡೋಣ ಎಂದು ಬಂದು, ನಾದಿನಿಯಿಂದ ಕೇಳಿ ಕಲಿತು, ನನ್ನ ಹೆಂಡತಿ ಮಾಡಿಟ್ಟಿದ್ದ ಕರಪತ್ರ, ಕಾರ್ಡುಗಳನ್ನೆಲ್ಲ ಒಟ್ಟಿಗೆ ತೆರೆದೆ. ಪರದೆಯ ತುಂಬ ಕಳೆದುಹೋದ ನಾಯಿಗಳು ನನ್ನನ್ನೇ ನೋಡತೊಡಗಿದವು. ಫ್ಯಾನು ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಮಾಡಿ ಸುಮ್ಮನಾಯಿತು.

ಆದ್ದರಿಂದ ತಾವು ಕೃಪೆಮಾಡಿ ನನ್ನ ಹಳೇ ಪೆಟ್ಟಿಗೆಯನ್ನು ಗುಜರಿಯಿಂದ ಹುಡುಕಿಸಬೇಕು. ಕರೆಂಟು ಹಂಚದಿದ್ದರೆ ಚಿಂತೆಯಿಲ್ಲ, ಫ್ಯಾನು ಸಾಕು. ಅದಾಗದಿದ್ದರೆ ತಮ್ಮ ಕಾರ್ಖಾನೆಯಲ್ಲಿ ಸದ್ದಿನ ವಿಭಾಗವೊಂದನ್ನು ತೆರೆದು, ಪರಿಣತರನ್ನು ನೇಮಿಸಿ, ಹಿಟ್ಟಿನ ಗಿರಣಿಯ ಮಟ್ಟಕ್ಕೆ ಬರುವವರೆಗೆ ಯಾವ ಪೆಟ್ಟಿಗೆಯನ್ನೂ ಹೊರಗೆ ಬಿಡಬಾರದು. ಅದೂ ಆಗದಿದ್ದರೆ, ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಗೋಡೆಯ ಪಕ್ಕ ಕೂತು ಬಾಯಲ್ಲೇ ಗುಂಯ್ ಎನ್ನುವ ಸಿಬ್ಬಂದಿಯೊಬ್ಬರನ್ನು ಕಳಿಸಿಕೊಡಬೇಕು. ಊಟ ನಮ್ಮಲ್ಲೇ.

ಇನ್ನೊಂದು ಹಾನಿಯನ್ನೂ ಹೇಳಿಬಿಡುತ್ತೇನೆ. ಬೀಗದ ಕೆಲಸ ಕಿವಿಯ ಕೆಲಸ. ಒಳಗಿನ ಸಣ್ಣ ಗೂಟಗಳು ಒಂದೊಂದಾಗಿ ಕಟ್ ಎಂದು ಕೂರುವುದನ್ನು ಕೇಳಬೇಕು. ಕೈ ತಪ್ಪಿದಾಗಲೆಲ್ಲ ನಾನು, "ನಿನ್ನ ಗಿರಣಿ ನಿಲ್ಲಿಸೇ ಮಾರಾಯ್ತಿ, ಏನೂ ಕೇಳಿಸ್ತಿಲ್ಲ" ಎಂದು ಕೂಗುತ್ತಿದ್ದೆ. ಅವಳು ತಿರುಗದೆಯೇ, "ಕುಣಿಯೋಕೆ ಬರದವನು ನೆಲ ಡೊಂಕು ಅಂದನಂತೆ... ನಿಮಗೆ ಕೈ ಓಡ್ತಿಲ್ಲ ಅನ್ನಿ" ಎನ್ನುತ್ತಿದ್ದಳು. ಈಗ ತಮ್ಮ ದಯೆಯಿಂದ ಕೋಣೆ ಎಷ್ಟು ನಿಶ್ಶಬ್ದವಾಗಿದೆ ಎಂದರೆ ಒಂದು ಗೂಟವೂ ತಪ್ಪುವುದಿಲ್ಲ. ಮೊದಲ ಯತ್ನಕ್ಕೇ ಬೀಗ ತೆರೆದುಕೊಳ್ಳುತ್ತದೆ. ತೆರೆದ ಬೀಗವನ್ನು ಕೈಯಲ್ಲಿ ಹಿಡಿದು, ಬೈಯಲು ಯಾರೂ ಇಲ್ಲದೆ ಸುಮ್ಮನೆ ಕೂತಿರುತ್ತೇನೆ. ಇದು ವಾರಂಟಿಯೊಳಗೆ ಬರುತ್ತದೆಯೋ ಇಲ್ಲವೋ ದಯವಿಟ್ಟು ತಿಳಿಸಬೇಕು.

ಉತ್ತರದ ನಿರೀಕ್ಷೆಯಲ್ಲಿ, ಕಿವಿ ತೆರೆದುಕೊಂಡಿರುವ
ತಮ್ಮ ವಿಶ್ವಾಸಿ,
ಬೀಗದವನು

ತಾಜಾಕಲಂ: ತಾವು ಅವಸರ ಪಡಬೇಕಿಲ್ಲ. ನಾದಿನಿ ನಿನ್ನೆ ತನ್ನ ಮನೆಯ ಅಟ್ಟದಿಂದ ಲಟಲಟ ಎನ್ನುವ ಟೇಬಲ್ ಫ್ಯಾನೊಂದನ್ನು ತಂದು ಗೋಡೆಯ ಕಡೆ ಇಟ್ಟು ಹೋಗಿದ್ದಾಳೆ. ಗಾಳಿ ಬರುವುದಿಲ್ಲ, ಸದ್ದು ಧಾರಾಳವಾಗಿದೆ. ನಾನು ಏನು ಹೇಳಿದರೂ ಆ ಕಡೆಯಿಂದ ಈ ಕಡೆಗೆ ತಲೆಯಾಡಿಸಿ ಇಲ್ಲ, ಇಲ್ಲ ಎನ್ನುತ್ತದೆ. ಇಡೀ ಕಂಪನಿ ಸೇರಿ ತಾವು ಮಾಡಲಾಗದ್ದನ್ನು, ವಾರಂಟಿಯೇ ಇಲ್ಲದ ಅದು ಮಾಡುತ್ತಿದೆ.