ಎಸಿಗೆ ಹೊಲಿದ ಅಂಗಿ

"ಮೆಕ್ಯಾನಿಕ್ ಯಾಕ ಬೇಕು? ಈ ಪಂಪಾಪತಿ ಇನ್ನೂ ಜೀವಂತ ಅದಾನ!"

ಮಸ್ಕಿಯ ಬಟ್ಟೆ ವ್ಯಾಪಾರಿ ಪಂಪಾಪತಿ ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದ. ಕಿಟಕಿಯ ಎಸಿ ಗುರ್ರೆನ್ನುತ್ತಿತ್ತು, ಗಾಳಿ ಮಾತ್ರ ಇಲ್ಲ. ಮಗಳು ಶಿವಗಂಗಾಳ ಮದುವೆ ಮಾತು ಮುಗಿಸಲು ಗಂಡಿನ ತಂದೆ, ಲಿಂಗಸೂಗೂರಿನ ಅಮರಗುಂಡಪ್ಪ ಇನ್ನೇನು ಬರುವವರಿದ್ದರು. ಹೋದ ಬೇಸಿಗೆಯಲ್ಲಿ ಫ್ಯಾನ್ ನಿಂತಿತೆಂದು ಬೇರೊಂದು ಮನೆಯ ಮಾತುಕತೆಯನ್ನೇ ಅರ್ಧಕ್ಕೆ ಬಿಟ್ಟು ಎದ್ದುಬಂದ ಆಸಾಮಿ ಅವರು!

ಪಂಪಾಪತಿ ಮುಚ್ಚಳ ಬಿಚ್ಚಿದ. ಭತ್ತದ ಧೂಳು ತಡೆಯಲು ತಾನೇ ದಪ್ಪ ಅರಿವೆಯಲ್ಲಿ ಹೊಲಿದು ತೊಡಿಸಿದ್ದ ಅಂಗಿ ಸಮೇತ ಫಿಲ್ಟರನ್ನು ಹಸುಗೂಸಿನಂತೆ ಪಕ್ಕಕ್ಕೆ ಮಲಗಿಸಿದ. ಅದರ ಹಿಂದೆ ಸಾಕ್ಷಾತ್ ಕೈಲಾಸ! ಎಲ್ಲೆಲ್ಲೂ ಬಿಳಿ ಮಂಜುಗಡ್ಡೆ, ಬರ್ಫ!

"ರೀ, ಆ ಅಂಗಿ..." ಎಂದಳು ಹೆಂಡತಿ ಕಲ್ಯಾಣಮ್ಮ.

"ಅಂಗಿ ಸುದ್ದಿ ಬ್ಯಾಡ! ಒಂದು ಕಣ ಧೂಳು ದಾಟಂಗಿಲ್ಲ. ಬೀಗರ ಎಸಿಗೂ ಒಂದು ಹೊಲಿದು ಕಳಿಸೀನಿ. ಇದು ಗ್ಯಾಸಿನ ತಕರಾರು!"

ಮಗಳ ಹೇರ್ ಡ್ರೈಯರ್ ಹಿಡಿದು ಬರ್ಫ ಕರಗಿಸಿದ. ಅಂಗಿ ಸಮೇತ ಫಿಲ್ಟರನ್ನು ಮತ್ತೆ ಕೂರಿಸಿ, ತಂಪು ಸಾಲದೆಂದು ಹದಿನಾರು ಡಿಗ್ರಿಗೆ ಇಳಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಕೈಲಾಸ! ವೋಲ್ಟೇಜನ್ನು ಬೈದ, ಸ್ಟೆಬಿಲೈಜರಿಗೆ ಗುದ್ದಿದ, ಕುಂತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ಮನೆಯೆಲ್ಲ ತಿರುಗಿದ. ಹೊಸ ಸೋಫಾದ ಮೇಲೆ ನೀರು ತೊಟ್ಟಿಕ್ಕತೊಡಗಿತು.

"ಸರೀರಿ ಈಚಿಗೆ!" ಕಲ್ಯಾಣಮ್ಮ ಫಿಲ್ಟರ್ ಎಳೆದು ಅಂಗಿಯನ್ನು ಸರ್ರನೆ ಕಿತ್ತಳು. "ಧೂಳು ದಾಟಂಗಿಲ್ಲ, ಖರೇ. ಗಾಳಿ ಹ್ಯಾಂಗ ದಾಟಬೇಕ್ರಿ? ಗಾಳಿ ಆಡದಿದ್ರ ಬರ್ಫ ಕಟ್ಟದ ಇನ್ನೇನು?"

ಬರ್ಫ ಕರಗಿಸಿ ಬರಿ ಫಿಲ್ಟರ್ ಹಾಕಿದ್ದೇ ತಡ, ತಣ್ಣನೆಯ ಗಾಳಿ ಬೀಸಿತು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು.

ಅಮರಗುಂಡಪ್ಪ ಎಸಿ ಎದುರಿಗೇ ಕುಳಿತರು. "ಅಬ್ಬಾ, ಜೀವ ಬಂತು! ನಮ್ಮ ಎಸಿ ಬರೇ ಬರ್ಫ ಕಟ್ಟಾಕತ್ತೈತ್ರಿ. ಒಳಗಿನ ಅರಿವಿ ತೆಗಿರಿ ಅಂದ ಮೆಕ್ಯಾನಿಕ್. ಬೀಗರು ನೀವು ಪ್ರೀತಿಲೆ ಕಳಿಸಿದ್ದು, ಹ್ಯಾಂಗ ತೆಗೀಲಿ? ಬೈದು ಕಳಿಸಿಬಿಟ್ಟೆ! ನಿಮ್ಮದು ಹ್ಯಾಂಗ್ರಿ ಇಷ್ಟು ತಂಪು?"

ಅಂಥ ತಂಪಿನಲ್ಲೂ ಪಂಪಾಪತಿಗೆ ಬೆವರು ಕಿತ್ತುಕೊಂಡಿತು.

"ನಮ್ಮದು ಈಗಷ್ಟ ಅಂಗಿ ಬಿಚ್ಚಿ ಕುಂತೈತ್ರಿ," ಎಂದು ಕಲ್ಯಾಣಮ್ಮ ಕೈಯಲ್ಲಿದ್ದ ಒದ್ದೆ ಅರಿವೆ ತೋರಿಸಿದಳು.

ಅಮರಗುಂಡಪ್ಪ ಅರಿವೆಯನ್ನು ನೋಡಿದರು, ಪಂಪಾಪತಿಯನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ಸಂಬಂಧ ಪಕ್ಕಾ ರೀ, ಬೀಗರ! ಆದ್ರ ಮದುವಿ ಅರಿವಿ ಮಾತ್ರ ಬ್ಯಾರೆ ಅಂಗಡ್ಯಾಗ ತರೂಣು!"