ಹೊಳೆಯ ನಡುವೆ ಕಾಣೆಯಾದ ನೀಲು

ಬಹಳ ಹಿಂದೆ, ಅಂದರೆ ಎಲ್ಲೆಲ್ಲೂ ಬುದ್ಧಿವಂತರೇ ಆಳತೊಡಗುವುದಕ್ಕೆ ತುಂಬಾ ಮೊದಲು, ಮುದ್ರಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಘೋಷಣವರ್ಮ ಪ್ರಭುಗಳು ಆಳುತ್ತಿದ್ದರು. ಪ್ರಭುಗಳಿಗೆ ಬೆಳಿಗ್ಗೆ ಒಂದು ಆಜ್ಞೆ ಹೊರಡಿಸದೆ ಕಾಫಿ ಕುಡಿಯುವ ಅಭ್ಯಾಸವಿರಲಿಲ್ಲ. ಕಾಫಿ ಬೇಗ ಬೇಕೆನಿಸಿದ ದಿನ ಆಜ್ಞೆಯೂ ಸ್ವಲ್ಪ ಅವಸರದಲ್ಲಿ ಹೊರಡುತ್ತಿತ್ತು. ನಮ್ಮ ಕಥೆಗೆ ಸಂಬಂಧಪಟ್ಟ ಆಜ್ಞೆ ಅಂಥದೊಂದು ಬೆಳಿಗ್ಗೆಯದು.

ಆ ರಾಜ್ಯದ ಗಡಿಯಲ್ಲಿ ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ ಒಂದು ಹೆಬ್ಬಾಗಿಲು. ಹಿಂದೊಮ್ಮೆ ಅಲ್ಲಿನ ಅಧಿಕಾರಿಯೊಬ್ಬ, ರಹದಾರಿ ಮರೆತು ಬಂದ ಮುದುಕಿಯೊಬ್ಬಳ ಮುಖ ನೋಡಿ, ಪಾಪ ಅನ್ನಿಸಿ ಒಳಗೆ ಬಿಟ್ಟಿದ್ದ. ರಹದಾರಿ ಎಂದರೆ ಬೇರೇನಲ್ಲ, ನಮ್ಮ ನಿಮ್ಮ ಪಾಸ್‌ಪೋರ್ಟೇ. ಸುದ್ದಿ ಮಹಾಮಂತ್ರಿ ಸಂಖ್ಯಾಶೇಖರರ ಕಿವಿಗೆ ಬಿತ್ತು. ಅವರು ಕೂಡಲೇ ಒಂದು ವರದಿ ಮಂಡಿಸಿದರು: ಗಡಿಯಲ್ಲಿ ದಯೆ ಸೋರಿಕೆಯಾಗುತ್ತಿದೆ, ದಯೆ ಹುಟ್ಟುವುದು ಕಣ್ಣಿನಲ್ಲಿ, ಆದ್ದರಿಂದ ಕಣ್ಣಿಗೆ ಮುಖ ಬೀಳದಂತೆ ನೋಡಿಕೊಂಡರೆ ಆಡಳಿತ ಪಾರದರ್ಶಕವಾಗುತ್ತದೆ. ಪ್ರಭುಗಳು ಕಾಫಿ ಲೋಟದ ಕಡೆ ನೋಡುತ್ತಾ "ಹಾಗೇ ಆಗಲಿ" ಎಂದರು. ಅಂದಿನಿಂದ ಗಡಿಯ ಅಧಿಕಾರಿಗಳಿಗೆಲ್ಲ ಮರೆಟೋಪಿ ಕಡ್ಡಾಯವಾಯಿತು. ಹಣೆಯಿಂದ ಮೂಗಿನ ತುದಿಯವರೆಗೆ ದಪ್ಪ ಬಟ್ಟೆಯ ಮರೆಯೊಂದು ಇಳಿಬಿದ್ದ ಟೋಪಿ ಅದು. ತೊಟ್ಟವನಿಗೆ ಮೇಜಿನ ಮೇಲಿನ ಕಾಗದ ಕಾಣುತ್ತಿತ್ತು, ಎದುರಿಗೆ ನಿಂತ ಮನುಷ್ಯ ಕಾಣುತ್ತಿರಲಿಲ್ಲ.

ಆ ಟೋಪಿಗಳನ್ನು ಹೊಲಿಯುತ್ತಿದ್ದವಳು ಅಂಬುಜಾಕ್ಷಿ. ಅವಳ ಹೊಲಿಗೆಯಲ್ಲಿ ಬೆಳಕಿನ ಒಂದು ಎಳೆಯೂ ನುಸುಳುತ್ತಿರಲಿಲ್ಲ. ಅದಕ್ಕಾಗಿ ಅರಮನೆಯಲ್ಲಿ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದ್ದರು. ಶಾಲು ಹೊದ್ದ ದಿನ ಅವಳು ಹೆಮ್ಮೆಯಿಂದ ಬೀಗಿದ್ದು ನಿಜ. ಟೋಪಿ ಯಾಕೆ, ಯಾರಿಗೆ ಎಂದು ಕೇಳುವುದು ಹೊಲಿಯುವವರ ಕೆಲಸವಲ್ಲ ಎಂದು ಅವಳು ಆಗ ತಿಳಿದಿದ್ದಳು.

ಅವಳ ಗಂಡ ವಾಮದೇವ ಹೊಳೆಯಾಚೆಯ ಶಂಖಪುರ ರಾಜ್ಯದವನು. ಅವರಿಗೆ ನೀಲು ಎಂಬ ಒಬ್ಬಳೇ ಮಗಳು. ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಬಾರದ ವಯಸ್ಸು. ತಮ್ಮ ನೆಲದ ಮೇಲೆ ಮೊದಲ ಸಲ ಅತ್ತ ಮಗು ತಮ್ಮದು ಎಂದು ಮುದ್ರಾವತಿಯ ಕಾನೂನು. ತಮ್ಮವನ ಮಗು ಎಲ್ಲಿ ಅತ್ತರೂ ತಮ್ಮದು ಎಂದು ಶಂಖಪುರದ ಕಾನೂನು. ಹೀಗಾಗಿ ನೀಲುವಿಗೆ ಎರಡು ಪಾಸ್‌ಪೋರ್ಟು. ಮುದ್ರಾವತಿಯದು ಹಸಿರು, ಅದರಲ್ಲಿ ಬೋಳು ತಲೆಯ ಕೂಸಿನ ಚಿತ್ರ. ಶಂಖಪುರದ್ದು ಕೆಂಪು, ಅದರಲ್ಲಿ ಎರಡು ಜಡೆಯ ಚಿತ್ರ. ಮುದ್ರಾವತಿಯವರು ಹೊರಗೆ ಹೋಗಬೇಕಾದರೆ ಹಸಿರನ್ನೇ ತೋರಿಸಬೇಕು, ಶಂಖಪುರದವರು ಅಲ್ಲಿಗೆ ಕಾಲಿಡಬೇಕಾದರೆ ಕೆಂಪನ್ನೇ ತೋರಿಸಬೇಕು. ಬೋಳು ತಲೆಯದು ಅಮ್ಮನ ಊರಿನ ನೀಲು, ಜಡೆಯದು ಅಪ್ಪನ ಊರಿನ ನೀಲು ಎಂದು ಮಗು ಬೀದಿಯವರಿಗೆಲ್ಲ ತೋರಿಸಿ ನಗುತ್ತಿತ್ತು. ಬೀದಿಯವರೂ ನಗುತ್ತಿದ್ದರು. ಇದು ನಗುವಂಥದ್ದು ಎಂದು ಆಮೇಲೆ ಯಾರಿಗೂ ಅನ್ನಿಸಲಿಲ್ಲ.

ಹೀಗಿರಲು ಶಂಖಪುರದಲ್ಲಿ ವಾಮದೇವನ ತಾಯಿ ಹಾಸಿಗೆ ಹಿಡಿದಳು. ಮಗ ಮೊದಲೇ ಹೋಗಿ ಆರೈಕೆಗೆ ನಿಂತ. ಮುದುಕಿಗೆ ಮೊಮ್ಮಗಳನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬ ಒಂದೇ ಹಂಬಲ. ಹೊರಡುವ ಮುಂಚೆ ವಾಮದೇವ ಹೆಂಡತಿಗೆ ಬಿಡಿಸಿ ಹೇಳಿದ್ದ: "ನೋಡು ಅಂಬುಜಿ, ಈ ದಡದಲ್ಲಿ ಹಸಿರು, ಆ ದಡದಲ್ಲಿ ಕೆಂಪು. ಒಂದನ್ನ ತೋರಿಸುವಾಗ ಇನ್ನೊಂದು ಚೀಲದ ತಳದಲ್ಲಿರಲಿ. ಎರಡೂ ಒಟ್ಟಿಗೆ ಕಂಡ್ರೆ ಆಫೀಸಿನೋರಿಗೆ ಯೋಚನೆ ಮಾಡೋ ಆಸೆ ಹುಟ್ಟುತ್ತೆ."

ಹೋಗುವಾಗ ಎಲ್ಲವೂ ಸಲೀಸಾಗಿ ನಡೆಯಿತು. ಹೆಬ್ಬಾಗಿಲಿನಲ್ಲಿ ಹಸಿರಿಗೆ ಮುದ್ರೆ ಬಿತ್ತು, ದೋಣಿ ದಾಟಿತು, ಆಚೆ ದಡದಲ್ಲಿ ಕೆಂಪಿಗೆ ಮುದ್ರೆ ಬಿತ್ತು. ಅಜ್ಜಿ ಮೊಮ್ಮಗಳ ಬೊಚ್ಚು ಬಾಯಿ ನೋಡಿ, "ಅಯ್ಯೋ, ನಂಗಿಂತ ಮುದುಕಿ ಬಂದ್ಲಲ್ಲೋ!" ಎಂದು ನಕ್ಕವಳು ಮಾರನೆಯ ದಿನ ಎದ್ದು ಕುಳಿತು ಗಂಜಿ ಕುಡಿದಳು. ಅವಳು ಕೋಲು ಹಿಡಿದು ಅಂಗಳದವರೆಗೆ ನಡೆಯುವಂತಾದ ಮೇಲೆ ಅಂಬುಜಾಕ್ಷಿ ಗಂಡನನ್ನು ಆರೈಕೆಗೆ ಅಲ್ಲೇ ಬಿಟ್ಟು, ಮಗಳನ್ನು ಕರೆದುಕೊಂಡು, ಒಂದು ಜಾಡಿ ಹುಣಸೆ ತೊಕ್ಕು ಹೊತ್ತುಕೊಂಡು ವಾಪಸು ಹೊರಟಳು. ಶಂಖಪುರದವರು ಕೆಂಪಿನ ಮೇಲೆ ನಿರ್ಗಮನ ಮುದ್ರೆ ಒತ್ತಿ, "ಹೋಗಿ ಬಾ ಪುಟ್ಟಿ" ಎಂದರು.

ಈ ನಡುವೆ ಮುದ್ರಾವತಿಯಲ್ಲಿ ಪ್ರಭುಗಳು ಎಷ್ಟೋ ಲೋಟ ಕಾಫಿ ಕುಡಿದಿದ್ದರಲ್ಲ, ಹೊಸದೊಂದು ಆಜ್ಞೆ ಬಂದಿತ್ತು: ಹೊರಗೆ ಹೋಗಿ ಬಂದವರು ಹೋದ ಊರಿನ ಮುದ್ರೆಯನ್ನೂ ತೋರಿಸತಕ್ಕದ್ದು. ಹೆಬ್ಬಾಗಿಲಿನಲ್ಲಿ ಅಂದು ಕುಳಿತಿದ್ದವನು ತಿಪ್ಪೇಶಪ್ಪ, ಅಂಬುಜಾಕ್ಷಿಯ ಪಕ್ಕದ ಮನೆಯವನು. ನೀಲು ಅವನ ಹೆಗಲ ಮೇಲೆ ಕೂತೇ ಬೆಳೆದವಳು. ಅಂಬುಜಾಕ್ಷಿಗೆ ಜೀವ ಹಗುರಾಯಿತು.

ತಿಪ್ಪೇಶಪ್ಪ ಹಸಿರು ಪಾಸ್‌ಪೋರ್ಟಿನ ಹಾಳೆಗಳನ್ನು ತಿರುವಿದ. "ಇದ್ರಲ್ಲಿ ಶಂಖಪುರದ ಮುದ್ರೇನೇ ಇಲ್ವಲ್ಲಮ್ಮ."

"ಅದು ಇನ್ನೊಂದ್ರಲ್ಲಿ ಐತೆ ಅಣ್ಣ," ಎಂದು ಅಂಬುಜಾಕ್ಷಿ ಚೀಲದ ತಳದಿಂದ ಕೆಂಪನ್ನೂ ತೆಗೆದು ಮೇಜಿನ ಮೇಲಿಟ್ಟಳು.

ಇಟ್ಟ ಮೇಲೆ ಗಂಡನ ಮಾತು ನೆನಪಾಯಿತು. ಆದರೆ ಅಷ್ಟರಲ್ಲಿ ತಿಪ್ಪೇಶಪ್ಪ ಯೋಚಿಸತೊಡಗಿದ್ದ. ಬಹಳ ಹೊತ್ತು ಯೋಚಿಸಿ ಅವನು ಬೆವರಿದ. "ಇಲ್ಲಿಂದ ಹೋದ ಮಗು ಅಲ್ಲಿಗೆ ತಲುಪಿಲ್ಲ. ಅಲ್ಲಿಂದ ಬಂದಿರೋ ಮಗು ಇಲ್ಲಿಂದ ಹೋಗೇ ಇಲ್ಲ. ಅಯ್ಯೋ ದೇವ್ರೇ! ನಮ್ಮ ಮಗು ಹೊಳೆ ಮಧ್ಯ ಕಾಣೆ ಆಗಿಬಿಟ್ಟೈತೆ!"

"ಮಾಮಾ, ನಾನೇ ನೀಲು!" ಎಂದಿತು ಮಗು, ಮೇಜಿನ ಅಂಚು ಹಿಡಿದು ತುದಿಗಾಲಿನಲ್ಲಿ ನಿಂತು.

ತಿಪ್ಪೇಶಪ್ಪ ಎರಡು ಪಾಸ್‌ಪೋರ್ಟುಗಳನ್ನೂ ಅಂಚಿಗೆ ಅಂಚು ಕೂಡಿಸಿಟ್ಟ. "ದನಿ ಗುರುತು ಹಿಡಿಯೋಕೆ ನಂಗಿನ್ನೂ ಸುತ್ತೋಲೆ ಬಂದಿಲ್ಲ ಕಣವ್ವ."

"ಅಣ್ಣಾ, ನಿಂಗೆ ಕೈ ಮುಗೀತೀನಿ. ಒಂದ್ಸಲ ತಲೆ ಎತ್ತಿ ಅವಳ ಮುಖ ನೋಡು."

"ಎತ್ತಿದ್ರೂ ಏನೂ ಕಾಣಲ್ಲ ತಂಗಿ. ಅಷ್ಟು ಚೆನ್ನಾಗಿ ಹೊಲ್ದಿದೀಯ."

ಅಂಬುಜಾಕ್ಷಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಟೋಪಿಯ ಅಂಚಿನ ನೀಲಿ ದಾರ ಅವಳದೇ.

ಪ್ರಕರಣ ಆಸ್ಥಾನಕ್ಕೆ ಹೋಯಿತು. ಸಿಂಹಾಸನದ ಬಲಕ್ಕೆ ಮಹಾಮಂತ್ರಿ ಸಂಖ್ಯಾಶೇಖರರು, ಎಡಕ್ಕೆ ಹೊಗಳುಭಟ್ಟರ ಮುಖ್ಯಸ್ಥ ಸ್ತುತಿಕಂಠ. ಮಹಾಮಂತ್ರಿಗಳು ಮೊದಲು ಪ್ರೆಸೆಂಟೇಶನ್ ಕೊಟ್ಟರು. ನಿರ್ಗಮಿತ ಶಿಶುಗಳು, ಆಗಮಿತ ಶಿಶುಗಳು, ಎರಡರ ನಡುವಿನ ಅಂತರ, ಎಲ್ಲವೂ ಬಣ್ಣಬಣ್ಣದ ಕಂಬಗಳಲ್ಲಿ ಮೂಡಿ ಬಂದವು. ಕೊನೆಯ ಚಿತ್ರದಲ್ಲಿ ಬರೀ ಹೊಳೆಯಿತ್ತು.

"ಎಂಥ ಸ್ಪಷ್ಟತೆ!" ಎಂದ ಸ್ತುತಿಕಂಠ. "ಹಿಂದಿನ ರಾಜರ ಕಾಲದಲ್ಲಿ ಮಕ್ಕಳು ಕಾಣೆಯಾದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಈಗ ಕಾಣೆಯಾಗದಿದ್ದರೂ ಗೊತ್ತಾಗುತ್ತದೆ."

ಆಗ ನೀಲು ಅಮ್ಮನ ಸೆರಗು ಬಿಟ್ಟು ನೇರ ಸಿಂಹಾಸನದ ಬಳಿಗೆ ಹೋಯಿತು. ಬಾಯಿಯ ಸುತ್ತ ಹುಣಸೆ ತೊಕ್ಕು ಮೆತ್ತಿತ್ತು. "ನೀನೇನಾ ರಾಜ? ನಾನು ನೀಲು. ಕಳೆದುಹೋಗಿಲ್ಲ. ಇಲ್ಲೇ ಇದ್ದೀನಿ."

ಪ್ರಭುಗಳ ತಲೆಯ ಮೇಲಿದ್ದದ್ದು ಕಿರೀಟ, ಮರೆಟೋಪಿಯಲ್ಲ. ಅವರು ಮಗುವಿನ ಮುಖ ನೋಡಿದರು. ಬೊಚ್ಚು ಬಾಯಿ, ತೊಕ್ಕು, ಎರಡು ಜಡೆ. ಅವರಿಗೆ ಗೊತ್ತಿಲ್ಲದ ಹಾಗೆ ನಗು ಬಂತು. "ಮಗು ಇಲ್ಲೇ ಇದೆಯಲ್ಲರೀ ಮಂತ್ರಿಗಳೇ? ಮನೆಗೆ ಕಳಿಸಿ. ಪಾಪ, ಹಸಿದಿರಬಹುದು."

ಅಂಬುಜಾಕ್ಷಿಯ ಕಣ್ಣಲ್ಲಿ ನೀರು ತುಂಬಿತು. ನಮ್ಮ ರಾಜ ಎಷ್ಟು ಒಳ್ಳೆಯವನು, ಇಷ್ಟು ದಿನ ಇದು ಗೊತ್ತಾಗಲಿಲ್ಲವಲ್ಲ ಎಂದುಕೊಂಡಳು.

"ಪ್ರಭೂ!" ಮಹಾಮಂತ್ರಿಗಳು ಎದೆ ಹಿಡಿದುಕೊಂಡರು. "ತಾವು ಮುಖ ನೋಡಿಬಿಟ್ಟಿರಿ!"

ಆಸ್ಥಾನದಲ್ಲಿ ಗುಸುಗುಸು ಎದ್ದಿತು. ಮಹಾಮಂತ್ರಿಗಳು ಹತ್ತಿರ ಬಂದು ದನಿ ತಗ್ಗಿಸಿದರು. "ಈ ಮಗು ಅದೇ ಮಗು ಎಂದು ಒಪ್ಪಿದರೆ ನಮ್ಮ ಡೇಟಾ ತಪ್ಪು ಎಂದಾಗುತ್ತದೆ. ರಾಜ್ಯದಲ್ಲಿ ಹಸಿದವರು ಒಬ್ಬರೂ ಇಲ್ಲ ಎಂದು ಹೋದ ವರ್ಷ ಘೋಷಿಸಿದ್ದೇವೆ. ರಸ್ತೆಯಲ್ಲಿ ಗುಂಡಿಗಳಿಲ್ಲ ಎಂದು ಮೊನ್ನೆ ಘೋಷಿಸಿದ್ದೇವೆ. ನಾಳೆ ಜನ ಅದನ್ನೆಲ್ಲ ಕಣ್ಣಿನಿಂದ ನೋಡಿ ತೀರ್ಮಾನಿಸತೊಡಗಿದರೆ ಗತಿಯೇನು?"

ಪ್ರಭುಗಳ ನಗು ಇಳಿಯಿತು. ಅವರು ಇನ್ನೊಮ್ಮೆ ಮಗುವಿನ ಕಡೆ ಕಣ್ಣು ಹೊರಳಿಸಿ, ಥಟ್ಟನೆ ಚಾವಣಿ ನೋಡಿದರು. "ನಮಗೇನೂ ಕಾಣಲಿಲ್ಲ," ಎಂದರು. ಸ್ತುತಿಕಂಠ ಮೊದಲು ಚಪ್ಪಾಳೆ ತಟ್ಟಿದ.

ಆಮೇಲೆ ತೀರ್ಪು ಹೊರಬಿತ್ತು. ಮುದ್ರಾವತಿಯ ಹೆಮ್ಮೆಯ ಪುತ್ರಿ ನೀಲು ಹೊಳೆಯಲ್ಲಿ ಕಾಣೆಯಾಗಿದ್ದಾಳೆ. ಅವಳು ಸಿಗುವ ತನಕ ರಾಜ್ಯ ವಿಶ್ರಮಿಸುವುದಿಲ್ಲ. ಎದುರಿಗಿರುವ ಕೆಂಪು ಪಾಸ್‌ಪೋರ್ಟಿನ ಬಾಲಕಿ ಶಂಖಪುರದ ಗೌರವಾನ್ವಿತ ಅತಿಥಿ; ಮಗಳನ್ನು ಕಳೆದುಕೊಂಡ ದುಃಖಿತ ಮಾತೆಯ ಮನೆಯಲ್ಲಿ, ವರ್ಷಕ್ಕೊಮ್ಮೆ ನವೀಕರಿಸುವ ಪರವಾನಗಿಯ ಮೇಲೆ, ತಾತ್ಕಾಲಿಕವಾಗಿ ತಂಗಬಹುದು. ಕಾಣೆಯಾದ ನೀಲು ಸಿಕ್ಕ ದಿನವೇ ಅತಿಥಿ ತನ್ನ ದೇಶಕ್ಕೆ ಮರಳತಕ್ಕದ್ದು, ಒಂದೇ ಮನೆಯಲ್ಲಿ ಇಬ್ಬರು ನೀಲುಗಳಿದ್ದರೆ ಸಿಸ್ಟಮ್ ಒಪ್ಪುವುದಿಲ್ಲ.

"ಈಗ ಇವಳನ್ನ ಮನೆಗೆ ಕರ್ಕೊಂಡು ಹೋಗ್ಲಾ ಬುದ್ಧೀ?" ಎಂದು ಕೇಳಿದಳು ಅಂಬುಜಾಕ್ಷಿ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಅತಿಥಿಯನ್ನು," ಎಂದು ತಿದ್ದಿದರು ಮಹಾಮಂತ್ರಿಗಳು. "ಚೆನ್ನಾಗಿ ನೋಡಿಕೊಳ್ಳಮ್ಮ. ವಿದೇಶಾಂಗ ವ್ಯವಹಾರ."

ಮಾರನೆಯ ದಿನದಿಂದ ಶೋಧಕಾರ್ಯ ಭರದಿಂದ ಸಾಗಿತು. ರಾಜದೋಣಿಗಳು ಹೊಳೆಯುದ್ದಕ್ಕೂ "ನೀಲೂ! ನೀಲೂ!" ಎಂದು ಕೂಗುತ್ತಾ ತಿರುಗಿದವು. ದಡದಲ್ಲಿ ಆಡುತ್ತಿದ್ದ ನೀಲು ಪ್ರತಿ ಸಲವೂ "ಓಯ್!" ಎಂದು ಕೈ ಬೀಸುತ್ತಿತ್ತು. ದೋಣಿಯವರು ಬೈದರು: "ಏ ಮಗಾ, ಸುಮ್ನಿರು! ನಿನ್ನ ಗಲಾಟೇಲಿ ಆ ಮಗು ದನಿ ಕೇಳ್ಸಲ್ಲ." ಶೋಧದ ಖರ್ಚಿಗೆಂದು ಉಪ್ಪು, ದೀಪದೆಣ್ಣೆ, ಹೊಲಿಗೆಯ ದಾರಗಳ ಮೇಲೆ ನೀಲಾನ್ವೇಷಣ ಸೆಸ್ ಹಾಕಲಾಯಿತು. ಮಗುವಿನ ಹೆಸರಿನಲ್ಲಿ ಕೇಳಿದ್ದರಿಂದ ಜನ ಬೇಡವೆನ್ನಲಾರದೆ ಕೊಟ್ಟರು. ಕೊಟ್ಟು, ಅಂಗಡಿಯ ಕಟ್ಟೆಯ ಮೇಲೆ ಕುಳಿತ ನೀಲುವಿನ ತಲೆ ಸವರಿ, "ಪಾಪ, ಆ ನಿನ್ನ ಹೆಸರಿನೋಳು" ಎಂದು ನಿಟ್ಟುಸಿರುಬಿಟ್ಟು ಹೋದರು.

ಇತ್ತ ಅಂಬುಜಾಕ್ಷಿಗೆ ಅರಮನೆಯಿಂದ ಕರೆ ಬಂತು. ಪ್ರಭುಗಳು ಇನ್ನೆಂದೂ ಮೈಮರೆತು ಯಾರ ಮುಖವನ್ನೂ ನೋಡದಂತೆ ಕಿರೀಟಕ್ಕೇ ಒಂದು ಮರೆ ಹೊಲಿಯಬೇಕಂತೆ. ಜರಿಯ ಅಂಚು, ರೇಷ್ಮೆಯ ಒಳಪದರ. ಅವಳು ಮೂರು ಸಲ ಸೂಜಿ ಎತ್ತಿ ಮೂರು ಸಲವೂ ಕೆಳಗಿಟ್ಟಳು. ಈ ಮನುಷ್ಯ ಒಮ್ಮೆ ನೋಡಿದ್ದ, ನೋಡಿ ಮಗು ಹಸಿದಿರಬಹುದು ಎಂದಿದ್ದ. ಎಲ್ಲಾದರೂ ಒಂದು ಹೊಲಿಗೆ ಸಡಿಲ ಬಿಡೋಣವೇ ಎಂದು ಯೋಚಿಸಿದಳು. ಆಮೇಲೆ ವಾರ್ಷಿಕ ಪರವಾನಗಿಯ ನೆನಪಾಯಿತು. ಅತಿಥಿಯ ವಾಸವನ್ನು ನವೀಕರಿಸುವವರು ಅರಮನೆಯವರೇ. ಅವಳು ಹಲ್ಲು ಕಚ್ಚಿ, ಎಂದಿನ ಹಾಗೆ ಒತ್ತೊತ್ತಾಗಿ ಹೊಲಿದು ಮುಗಿಸಿದಳು.

ಹೊಳೆದಂಡೆಯಲ್ಲಿ ಕಾಣೆಯಾದ ನೀಲುವಿನ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅದಕ್ಕೆ ಕಣ್ಣು ಮೂಗು ಇರಲಿಲ್ಲ. ಮುಖ ನೋಡುವುದು ನಿಷಿದ್ಧವಾದ್ದರಿಂದ ಶಿಲ್ಪಿ ಅದನ್ನು ಚಪ್ಪಟೆ ಬಿಟ್ಟಿದ್ದ. ದುಃಖಿತ ಮಾತೆಯೂ ಅವಳ ಅತಿಥಿಯೂ ಪ್ರತಿಮೆಯ ಪಕ್ಕದಲ್ಲೇ ನಿಂತಿದ್ದರು. ಮರೆಯುಳ್ಳ ಕಿರೀಟ ತೊಟ್ಟ ಪ್ರಭುಗಳು ಸ್ತುತಿಕಂಠನ ಭುಜ ಹಿಡಿದು ಮೆಟ್ಟಿಲು ಹತ್ತಿ ಬಂದರು, ಕೈ ಚಾಚಿ ತಡವಿದರು, ಸಿಕ್ಕ ಕೊರಳಿಗೆ ಭಕ್ತಿಯಿಂದ ಹಾರ ಹಾಕಿದರು. ಅದು ನೀಲುವಿನ ಕೊರಳು.

ಒಂದು ಕ್ಷಣ ಹೊಳೆದಂಡೆಯೆಲ್ಲ ಉಸಿರು ಹಿಡಿಯಿತು. ಜನರ ನಡುವೆ ನಿಂತಿದ್ದ ತಿಪ್ಪೇಶಪ್ಪನ ಕೈ ತನ್ನ ಟೋಪಿಯ ಅಂಚಿಗೆ ಹೋಗಿ ಅಲ್ಲೇ ನಿಂತಿತು. ಅಷ್ಟರಲ್ಲಿ ಮಹಾಮಂತ್ರಿಗಳು ಮುಂದೆ ಬಂದು, ಮಗುವಿನ ಕೊರಳಿನಿಂದ ಹಾರ ಬಿಡಿಸಿ ಕಂಚಿನ ಕೊರಳಿಗೆ ಹಾಕಿದರು. ವಾದ್ಯ ಮೊಳಗಿತು. ಪ್ರಭುಗಳ ಕಿರೀಟ ನೋಡಿದ ಗಣ್ಯರೆಲ್ಲ ತಮಗೂ ಅಂಥದೇ ಬೇಕೆಂದರು. ಪ್ರಜೆಗಳಿಗೂ ಒಂದೊಂದು ಮರೆಟೋಪಿಯನ್ನು ಉಚಿತವಾಗಿ ಹಂಚಲಾಗುವುದೆಂದೂ, ಆ ವೆಚ್ಚಕ್ಕಾಗಿ ಸೆಸ್ ಸ್ವಲ್ಪ ಏರುವುದೆಂದೂ ಅಲ್ಲೇ ಘೋಷಣೆಯಾಯಿತು. ಜನ ಚಪ್ಪಾಳೆ ತಟ್ಟಿದರು.

ಮನೆಯ ದಾರಿಯಲ್ಲಿ ಅಂಬುಜಾಕ್ಷಿ ದಾರದ ಅಂಗಡಿಯ ಮುಂದೆ ನಿಂತು, ಹೊಸ ಆರ್ಡರಿಗೆ ಬೇಕಾದ ಉಂಡೆಗಳನ್ನು ಸೆಸ್ ಸಮೇತ ಕೊಂಡಳು. ನೀಲು ಅವಳ ಕೈ ಜಗ್ಗಿ ಕೇಳಿತು: "ಅಮ್ಮಾ, ಅವಳು ಸಿಕ್ಬಿಟ್ರೆ ನಾನು ನಿನ್ನ ಬಿಟ್ಟು ಹೋಗ್ಬೇಕಲ್ವಾ?"

ಅಂಬುಜಾಕ್ಷಿ ಮಗಳ ತಲೆಯನ್ನು ಹೊಟ್ಟೆಗೆ ಅವುಚಿಕೊಂಡಳು.

"ಹಂಗಾದ್ರೆ ಅವರು ಕರೆದಾಗ ನಾನು ಇನ್ಮೇಲೆ ಓಯ್ ಅನ್ನಲ್ಲ," ಎಂದಿತು ಮಗು.

ಹೊಳೆಯ ಕಡೆಯಿಂದ ದೋಣಿಯವರ ಕೂಗು ಕೇಳಿಸಿತು. "ನೀಲೂ! ನೀಲೂ!" ನೀಲು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅಮ್ಮನ ಹಿಂದೆ ನಡೆಯಿತು.