ಗಬ್ಬಿ ಬೀಗರ ವಂಶಾವಳಿ

ಹೆಣ್ಣು ಹೆತ್ತವನು ಗಂಡಿನ ಮನೆತನ ವಿಚಾರಿಸುವುದು ಅಪರಾಧವೇ? ನೀವೇ ಹೇಳಿ. ಲೋಕದಲ್ಲೆಲ್ಲ ಅದು ಕರ್ತವ್ಯ, ನಮ್ಮ ಮನೆಯಲ್ಲಿ ಮಾತ್ರ ಅಪರಾಧ.

ನಮ್ಮ ಮಗಳು ವಿಭಾ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಒಂದು ಶನಿವಾರ ಸಾಂಟಾ ಕ್ಲಾರಾದ ನಮ್ಮ ಮನೆಗೆ ಬಂದವಳು, ಉಪ್ಪಿಟ್ಟಿನ ಮೆಣಸಿನಕಾಯಿಗಳನ್ನು ತಟ್ಟೆಯ ಅಂಚಿಗೆ ಸರಿಸುತ್ತ, “ಅಪ್ಪಾ, ಐ ಯಾಮ್ ಗೆಟಿಂಗ್ ಮ್ಯಾರೀಡ್” ಎಂದಳು. ಹುಡುಗನ ಹೆಸರು ನೇಥನ್ ಗಬ್ಬಿ. ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟು. ನಾನು ಆಧುನಿಕ ತಂದೆ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ಕೂತು, ಆಮೇಲೆ “ಕಂಗ್ರಾಚುಲೇಷನ್ಸ್” ಎಂದೆ. ನನ್ನ ಹೆಂಡತಿ ಜಲಜಾಗೆ ವಿಷಯ ಎರಡು ವರ್ಷದಿಂದ ಗೊತ್ತಿತ್ತಂತೆ. (ನಮ್ಮ ಮನೆಯಲ್ಲಿ ಸುದ್ದಿಯೊಂದು ನನ್ನ ಬಳಿಗೆ ಬಂದು ಮುಟ್ಟುವಷ್ಟರಲ್ಲಿ ಅದು ಇತಿಹಾಸವಾಗಿರುತ್ತದೆ.)

ತೊಂದರೆ ಶುರುವಾದದ್ದು ಗೋದತ್ತೆಯಿಂದ. ಗೋದತ್ತೆ ನನ್ನ ತಂದೆಯ ತಂಗಿ, ಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ನಮ್ಮ ವಂಶದ ಸರ್ವೋಚ್ಚ ನ್ಯಾಯಾಲಯ. ಆಗ ವಾಲ್ನಟ್ ಕ್ರೀಕ್‌ನಲ್ಲಿರುವ ಮಗನ ಮನೆಗೆ ಬಂದಿದ್ದರು. ಹುಡುಗನ ಹೆಸರನ್ನು ಅವರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ವಾಟ್ಸಾಪ್ ಮಾಡಿದೆ. ಕೂಡಲೇ ಫೋನು ಬಂತು.

“ಏನೋ ವ್ಯಾಸ, ಹುಡುಗ ಗುಬ್ಬಿಯವನೇನೋ? ತುಮಕೂರಿನ ಹತ್ತಿರದ ಗುಬ್ಬಿ?”

“ಅಲ್ಲ ಅತ್ತೆ, ಗಬ್ಬಿ. ಮೂಲ ಇಂಗ್ಲೆಂಡು.”

“ಆಗ್ಲಿ. ಕಾಲ ಹಾಗಿದೆ, ನಾನು ಬೇಡ ಅನ್ನಲ್ಲ. ಆದ್ರೆ ಮನೆತನ ಎಂಥದ್ದು ಅಂತ ವಿಚಾರಿಸಿದ್ಯೋ ಇಲ್ವೋ?” ಎಂದರು.

“ವಿಚಾರಿಸ್ತಾ ಇದೀನಿ ಅತ್ತೆ” ಎಂದು ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು.

“ಆ ಹುಡುಗನ್ನೇ ಕೇಳಿದ್ರೆ ಮುಗೀತಲ್ರೀ” ಎಂದಳು ಜಲಜಾ.

“ಎದುರಿಗೆ ಕೇಳಿದ್ರೆ ಅನುಮಾನ ಪಟ್ಟ ಹಾಗಾಗುತ್ತೆ.”

“ಕದ್ದು ನೋಡಿದ್ರೆ?”

“ಅದು ಸಂಶೋಧನೆ.”

ನೇಥನ್‌ನ ತಾತನ ತಾತ ಹೆನ್ರಿ ಗಬ್ಬಿ ಎಂಬಾತ ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದನೆಂದು ವಿಭಾ ಯಾವಾಗಲೋ ಹೇಳಿದ್ದಳು. ನನಗೆ ಅಷ್ಟು ಎಳೆ ಸಾಕಾಗಿತ್ತು. ಇಂಗ್ಲೆಂಡಿನಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಗುಮಾಸ್ತ ಮನೆಮನೆಗೂ ಹೋಗಿ ಹೆಸರು, ವಯಸ್ಸು, ಕಸುಬು ಬರೆದುಕೊಳ್ಳುತ್ತಿದ್ದ. ಆ ಹಾಳೆಗಳೆಲ್ಲ ಈಗ ಇಂಟರ್ನೆಟ್ಟಿನಲ್ಲಿವೆ. ಕಂಪ್ಯೂಟರ್ ಚಿಪ್ಪಿನೊಳಗಿನ ಕಣ್ಣಿಗೆ ಕಾಣದ ದೋಷ ಹಿಡಿದು ಸಂಬಳ ಎಣಿಸುವ ಇಂಜಿನಿಯರು ನಾನು, ಆರಡಿ ಎತ್ತರದ ಮನುಷ್ಯರ ಸಂಸಾರವೊಂದನ್ನು ಹಿಡಿಯಲಾರೆನೇ?

ಹಿಡಿಯುವುದು ಕಷ್ಟವೇ ಆಯಿತು. ಒಂದು ಗಣತಿಯಲ್ಲಿ ಗಬ್ಬಿ, ಇನ್ನೊಂದರಲ್ಲಿ ಗಬ್ಬೆ, ಮತ್ತೊಂದರಲ್ಲಿ ಗಪ್ಪಿ. ಗುಮಾಸ್ತನ ಕಿವಿ ಸರಿಯಿರಲಿಲ್ಲವೋ, ಗಬ್ಬಿಗಳ ಬಾಯಿ ಸರಿಯಿರಲಿಲ್ಲವೋ ಭಗವಂತನೇ ಬಲ್ಲ. ಕೊನೆಗೂ 1851ರಲ್ಲಿ ಜೇಮ್ಸ್ ಗಬ್ಬಿ ಸಿಕ್ಕಿದ. ಅವನ ಹೆಂಡತಿ ಹನ್ನಾಗೆ ಆಗ ಇಪ್ಪತ್ತೈದು. 1861ರಲ್ಲಿ ನೋಡಿದರೆ ಮೂವತ್ತೊಂದು. ಹತ್ತು ವರ್ಷದಲ್ಲಿ ಆಕೆ ಆರೇ ವರ್ಷ ದೊಡ್ಡವಳಾಗಿದ್ದಳು. ಇಂಥ ಪವಾಡ ನಾನು ನನ್ನ ಮನೆಯಲ್ಲೂ ಕಂಡಿದ್ದೇನೆ. ಜಲಜಾ ಪಕ್ಕದಲ್ಲೇ ಇದ್ದುದರಿಂದ ಬಾಯಿ ಬಿಡಲಿಲ್ಲ.

ಮನೆಗೆಲಸದಲ್ಲಿ ನನ್ನ ಪಾಲಿನದು ಹಾಗೇ ಬಿದ್ದಿತ್ತು. ಡಿಶ್‌ವಾಷರಿನಿಂದ ಪಾತ್ರೆ ತೆಗೆದಿಡುವವರಿಲ್ಲ, ಕಸದ ಡಬ್ಬಿಯನ್ನು ರಸ್ತೆಗೆ ತಳ್ಳುವವರಿಲ್ಲ. ಒಂದು ಸಂಜೆ ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಗೆ ಕರಿಬೇವಿಗೆಂದು ಹೋದವನು, ಬಿಲ್ಲಿನ ಸಾಲಿನಲ್ಲಿ ನಿಂತು ಫೋನಿನಲ್ಲಿ 1871ನ್ನು ಓದುತ್ತ, ಕರಿಬೇವನ್ನು ಕೌಂಟರಿನ ಮೇಲೇ ಬಿಟ್ಟು ಬಂದೆ.

“ಕರಿಬೇವೆಲ್ಲಿ?” ಎಂದಳು ಜಲಜಾ.

“ಹನ್ನಾಗೆ ಏಳನೇ ಮಗು ಆಗಿದೆ ಕಣೇ.”

“ಬಾಣಂತನಕ್ಕೆ ನಾನು ಹೋಗ್ಬೇಕೋ, ನೀವೇ ಹೋಗಿ ಬರ್ತೀರೋ?”

ಅವಳ ವ್ಯಂಗ್ಯ ನನ್ನನ್ನು ತಟ್ಟಲಿಲ್ಲ. ಏಕೆಂದರೆ ಅಂದೇ ನಾನು ಕಸುಬಿನ ಕಾಲಮ್ಮಿನ ಮೇಲೆ ಕಣ್ಣಿಟ್ಟಿದ್ದೆ. ಜೇಮ್ಸ್ ಗಬ್ಬಿ, ಕಸುಬು: ‘ಆ್ಯಗ್ ಲ್ಯಾಬ್’. ಅವನ ದೊಡ್ಡ ಮಗ: ‘ಆ್ಯಗ್ ಲ್ಯಾಬ್’. ಹನ್ನೆರಡು ವರ್ಷದ ಹೆನ್ರಿ, ಅವನೂ ‘ಆ್ಯಗ್ ಲ್ಯಾಬ್’. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ನಾನಿರುವ ಊರಿನಲ್ಲಿ ಲ್ಯಾಬ್ ಎಂದರೆ ಒಂದೇ ಅರ್ಥ. ಅಗ್ರಿಕಲ್ಚರಲ್ ಲ್ಯಾಬೊರೇಟರಿ, ಕೃಷಿ ಪ್ರಯೋಗಾಲಯ. ಆ ಊರಿನ ಅಕ್ಕಪಕ್ಕದ ಮನೆಯವರೂ ಅಲ್ಲೇ ಕೆಲಸಕ್ಕಿದ್ದರು. ಊರಿಗೆ ಊರೇ ಸಂಶೋಧನಾ ಕೇಂದ್ರ.

“ಹನ್ನೆರಡು ವರ್ಷದ ಹುಡುಗ ಲ್ಯಾಬಲ್ಲಿ ಏನ್ ಮಾಡ್ತಿದ್ದ?” ಜಲಜಾ ಕೇಳಿದಳು.

“ಇಂಟರ್ನ್‌ಶಿಪ್ಪು” ಎಂದೆ.

ಗೋದತ್ತೆಗೆ ಫೋನ್ ಮಾಡಿ, “ಮೂರು ತಲೆಮಾರಿನ ಕೃಷಿ ವಿಜ್ಞಾನಿಗಳ ಮನೆತನ ಅತ್ತೆ” ಎಂದು ವರದಿ ಒಪ್ಪಿಸಿದೆ. (ಹಾಳೆಯಲ್ಲಿದ್ದದ್ದು ಎರಡೇ ತಲೆಮಾರು, ಮೂರನೆಯದನ್ನು ಕೂಡಿಸಿದ್ದು ನಾನೇ.) ಗೋದತ್ತೆ ಸಂತೋಷಪಟ್ಟರು. ಸಂಜೆಯೊಳಗೆ ಸುದ್ದಿ ಮೈಸೂರು ತಲುಪಿ, ಅಲ್ಲಿಂದ ಬೆಂಗಳೂರಿಗೆ ಹೋಗಿ, ಸ್ವಲ್ಪ ದಪ್ಪಗಾಗಿ, ‘ವಿಭಾ ಗಂಡ ದೊಡ್ಡ ವಿಜ್ಞಾನಿಯಂತೆ’ ಎಂದು ನನಗೇ ವಾಪಸು ಬಂತು.

ಮುಂದಿನ ತಿಂಗಳು ಬೀಗರನ್ನು ಊಟಕ್ಕೆ ಕರೆದೆವು. ಬಂದವರು ನೇಥನ್ ಮತ್ತು ಅವನನ್ನು ಸಾಕಿ ಬೆಳೆಸಿದ ಅಜ್ಜಿ ಮಾರ್ಜ್. ಈಕೆ ಪೆಟಲೂಮದಲ್ಲಿ ಗಂಡನ ಜೊತೆ ಡೈರಿ ನಡೆಸಿದ ಗಟ್ಟಿ ಮುದುಕಿ. ನಮ್ಮ ಕಡೆಯಿಂದ ಗೋದತ್ತೆ, ಮೈಸೂರು ಸಿಲ್ಕ್ ಉಟ್ಟು ಮಧ್ಯದ ಸೋಫಾದಲ್ಲಿ ವಿರಾಜಮಾನರಾಗಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಪಾಯಸವಾದ ಮೇಲೆ ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಅಂಗಡಿಯಲ್ಲಿ ಹೆಸರುಗಳ ಕೆಳಗೆ ‘ಆ್ಯಗ್ ಲ್ಯಾಬ್’ ಎಂದು ದೊಡ್ಡದಾಗಿ ಪ್ರಿಂಟು ಹಾಕಿಸಿದ್ದ ಗಬ್ಬಿ ವಂಶವೃಕ್ಷವನ್ನು ಬಿಚ್ಚಿ ಟೇಬಲ್ಲಿನ ಮೇಲೆ ಹಾಸಿದೆ. “ಕೃಷಿ ವಿಜ್ಞಾನಕ್ಕೆ ತಲೆತಲಾಂತರದಿಂದ ಸೇವೆ ಸಲ್ಲಿಸಿದ ವಂಶದೊಡನೆ ಸಂಬಂಧ ಬೆಳೆಸುವುದು ನಮ್ಮ ಭಾಗ್ಯ” ಎಂದು ಭಾಷಣ ಶುರುಮಾಡಿದೆ. ಮಾರ್ಜ್ ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬಗ್ಗಿದರು. ಅವರ ಭುಜ ಅದುರತೊಡಗಿತು. ಹಿರಿಯರ ನೆನಪಾಗಿ ಅಳು ಬಂದಿರಬೇಕೆಂದು ನಾನು ಟಿಶ್ಯೂ ಡಬ್ಬಿ ಮುಂದಕ್ಕೆ ತಳ್ಳಿದೆ. ಅವರು ತಲೆಯೆತ್ತಿದಾಗ ನಗುತ್ತಿದ್ದರು.

“ವ್ಯಾಸ್, ಇದು ಲ್ಯಾಬೊರೇಟರಿ ಅಲ್ಲಪ್ಪ, ಲೇಬರರ್. ಬರೆಯೋಕೆ ಜಾಗ ಸಾಲದೆ ಮೊಟಕು ಮಾಡಿದ್ದಾರೆ. ಇವರೆಲ್ಲ ಬೇರೆಯವರ ಹೊಲದಲ್ಲಿ ಕೂಲಿ ಮಾಡ್ತಿದ್ದವರು. ಹೆನ್ರಿ ನನ್ನ ಗಂಡನ ತಾತ. ಹನ್ನೆರಡನೇ ವಯಸ್ಸಿನಲ್ಲಿ ಅವನ ಕೆಲಸ ಬಿತ್ತಿದ ಹೊಲದಿಂದ ಕಾಗೆ ಓಡಿಸೋದು.”

“ಇಂಟರ್ನ್‌ಶಿಪ್ಪು” ಎಂದಳು ಜಲಜಾ, ಕನ್ನಡದಲ್ಲಿ, ಮೆಲ್ಲಗೆ.

ವಿಭಾಳ ಮುಖ ಕೆಂಪಾಗಿತ್ತು. “ಅಪ್ಪಾ, ಯು ಡಿಡ್ ಎ ಬ್ಯಾಕ್‌ಗ್ರೌಂಡ್ ಚೆಕ್ ಆನ್ ಹಿಮ್?” ಎಂದಳು. ನೇಥನ್ ಹಾಳೆಯನ್ನೇ ನೋಡುತ್ತಿದ್ದ. ಮಾರ್ಜ್ ನಗು ನಿಲ್ಲಿಸಿ, “ಅಷ್ಟಕ್ಕೂ ಇದನ್ನೆಲ್ಲ ಹುಡುಕಿದ್ದು ಯಾಕೆ?” ಎಂದು ಕೇಳಿದರು. ಮದುವೆ ಮುರಿಯುವುದೆಂದರೆ ಹೀಗೇ ಇರಬೇಕು ಎನಿಸಿ ಟಿಶ್ಯೂ ಡಬ್ಬಿಯನ್ನು ನನ್ನ ಕಡೆಗೇ ಎಳೆದುಕೊಂಡೆ.

ಉತ್ತರ ಕೊಟ್ಟದ್ದು ಗೋದತ್ತೆ. “ನಾನು ಕೇಳಿದ್ದಕ್ಕೆ” ಎಂದರು. “ಹೆಣ್ಣು ಕೊಡೋ ಮುಂಚೆ ಮನೆತನ ತಿಳ್ಕೊಳ್ಳೋದು ನಮ್ಮ ಪದ್ಧತಿ. ದುಡಿದು ತಿಂದವರು ಅಂತ ಗೊತ್ತಾಯ್ತು, ನನಗೆ ಸಾಕು.”

“ಒಳ್ಳೇ ಪದ್ಧತಿ” ಎಂದರು ಮಾರ್ಜ್. “ಹಾಗಾದ್ರೆ ನಿಮ್ಮ ಮನೆತನದ್ದೂ ಹೇಳಿ.”

ಕಳೆದ ಮರ್ಯಾದೆಯನ್ನು ಬಡ್ಡಿಸಮೇತ ವಸೂಲು ಮಾಡುವ ಅವಕಾಶ ತಾನಾಗಿ ಬಂದಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, “ನನ್ನ ಮುತ್ತಜ್ಜ ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರು” ಎಂದೆ.

“ಯಾರೋ ಹೇಳಿದ್ದು ಹಾಗಂತ?” ಗೋದತ್ತೆ ಈ ಸಲ ಕನ್ನಡಕ್ಕೇ ಬಂದರು.

“ಅಪ್ಪ ಹೇಳ್ತಿದ್ರಲ್ಲ ಅತ್ತೆ, ಅರಮನೇಲಿದ್ರು ಅಂತ.”

“ಅರಮನೇಲಿದ್ರು, ಸರಿ. ಅಡುಗೆಮನೇಲಿದ್ರು. ನನ್ನ ತಾತ ಕಣೋ ಅವರು, ನಾನು ಕಂಡಿದೀನಿ. ವಿದ್ವಾಂಸರಿಗೆ ಹುಳಿ ಬಡಿಸ್ತಿದ್ರು. ಅವರು ಎಲೆ ಮುಂದೆ ಕೂತು ವಾದಕ್ಕಿಳಿದ್ರೆ, ‘ಹುಳಿ ಆರ್ತಿದೆ, ಮೊದಲು ಊಟ ಮಾಡಿ’ ಅಂತ ಗದರೋರಂತೆ.” ಇಷ್ಟನ್ನೂ ಮತ್ತೆ ಇಂಗ್ಲಿಷಿನಲ್ಲಿ, ಒಂದಕ್ಷರ ಬಿಡದೆ, ಮಾರ್ಜ್‌ಗೆ ಹೇಳಿದರು.

ಮೊದಲು ನಕ್ಕದ್ದು ವಿಭಾ. ಆಮೇಲೆ ನೇಥನ್. ಮಾರ್ಜ್ ಎದ್ದು ಹೋಗಿ ಗೋದತ್ತೆಯ ಪಕ್ಕದಲ್ಲಿ ಕೂತರು. ಇಬ್ಬರೂ ಮಂಡಿನೋವಿನಿಂದ ಹಿಡಿದು ಹಸುವಿನ ಹಾಲಿನವರೆಗೆ ಮಾತಾಡಿದರು. ನೇಥನ್ ಹಾಳೆಯನ್ನು ಜೋಪಾನವಾಗಿ ಸುರುಳಿ ಸುತ್ತಿ, “ಹನ್ನಾಗೆ ಏಳು ಮಕ್ಕಳು ಅನ್ನೋದು ನಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಇದನ್ನ ನಾನು ಇಟ್ಕೊಳ್ಳಲಾ?” ಎಂದ. ಕೊಟ್ಟೆ. ಕೊಡುವಾಗ ಅವನ ಮೇಲೆ ನಿಜವಾಗಿಯೂ ಪ್ರೀತಿ ಬಂತು.

ಅವರೆಲ್ಲ ಹೊರಟ ಮೇಲೆ ಜಲಜಾ ನನ್ನೆದುರು ಕೂತಳು.

“ರೀ, ಮದುವೆಯಾದಾಗಿನಿಂದ ನೀವು ಸೌಟು ಹಿಡಿದಿಲ್ಲ. ಕೇಳಿದ್ರೆ, ನಮ್ಮದು ವಿದ್ವಾಂಸರ ವಂಶ, ನನಗದು ಬರಲ್ಲ ಅಂತಿದ್ರಿ.”

“ಅಂತಿದ್ದೆ” ಎಂದೆ.

“ಈಗ ಗೊತ್ತಾಯ್ತಲ್ಲ, ರಕ್ತದಲ್ಲೇ ಇದೆ. ನಿಶ್ಚಿತಾರ್ಥದ ದಿನ ಹುಳಿ ನಿಮ್ಮದೇ.”

ಸಂಶೋಧಕನಿಗೆ ಒಪ್ಪುವಂತೆ ತಯಾರಿ ನಡೆಸಿದೆ. ತೊಗರಿಬೇಳೆಯನ್ನು ತಕ್ಕಡಿಯಲ್ಲಿ ತೂಗಿದೆ, ಹುಣಿಸೆಹಣ್ಣನ್ನು ಅಳತೆಯ ನೀರಿನಲ್ಲಿ ನೆನೆಸಿದೆ, ಒಗ್ಗರಣೆಗೆ ಎಣ್ಣೆ ಎಷ್ಟು ಕಾಯಬೇಕೆಂದು ಥರ್ಮಾಮೀಟರು ಇಟ್ಟು ನೋಡಿದೆ. ಆ ದಿನ ಎಲ್ಲರೂ ಸಾಲಾಗಿ ಕೂತರು. ನಾನೇ ಬಡಿಸಿದೆ. ಮಾರ್ಜ್ ಒಂದು ತುತ್ತು ಉಂಡು, “ತುಂಬ ವಿಶೇಷವಾಗಿದೆ” ಎಂದು ಲೋಟದ ನೀರನ್ನೆಲ್ಲ ಕುಡಿದರು. ನೇಥನ್ ಧೈರ್ಯವಾಗಿ ಎರಡನೇ ತುತ್ತಿಗೂ ಕೈಯಿಟ್ಟ. ವಿಭಾ ತಲೆಯೆತ್ತಲಿಲ್ಲ.

ಗೋದತ್ತೆ ಹುಳಿಯನ್ನು ನಾಲಿಗೆಯ ತುದಿಗೆ ತಾಗಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ನಾನು ಸೌಟು ಹಿಡಿದು ಅವರೆದುರು ನಿಂತೇ ಇದ್ದೆ.

“ಇಲ್ಲ ಕಣೋ ವ್ಯಾಸ” ಎಂದರು. “ನಾನೇ ತಪ್ಪು ಹೇಳಿರ್ಬೇಕು. ನೀನು ವಿದ್ವಾಂಸರ ವಂಶದವನೇ.”